ಪಾಟಿ ತುಂಬುವ ತನಕ

ಜೂನ್ 3, ಮಂಗಳವಾರ

ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಗದಗಿನ ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಮನೆಗೆ ಹೋದ ಮೇಲೆ ಬರೆಯಲಾಗುವುದಿಲ್ಲ. ಶಾಲೆ ಶುರುವಾಗಿ ಇನ್ನೂ ವಾರ ತುಂಬಿಲ್ಲ, ಆಗಲೇ ಸಾಕಾಗಿದೆ. ಬೆಟಗೇರಿಯಿಂದ ಅಡರಕಟ್ಟಿಗೆ ಹೋಗಿ ಬರುವುದರಲ್ಲಿ ಅರ್ಧ ಜೀವ ಹೋಗುತ್ತದೆ. ಉಳಿದರ್ಧವನ್ನು ಐದನೇ ಇಯತ್ತೆಯ ಮಕ್ಕಳು ತಿಂದು ಮುಗಿಸುತ್ತಾರೆ.

ಮನೆಯಲ್ಲಿ ಎಲ್ಲರ ಮಾತನ್ನೂ ನಾನೇ ಆಡಬೇಕು. ಅಪ್ಪನಿಗೆ ಗಂಟಲಿನ ಆಪರೇಶನ್ ಆಗಿ ಎರಡು ವರ್ಷ. ಹುಬ್ಬಳ್ಳಿಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯಲ್ಲಿರುವ ತೂತಿನಿಂದ ಉಸಿರಾಡುತ್ತಾನೆ, ಅದರ ಮೇಲೆ ಒಂದು ಬಿಳಿ ಅರಿವೆ ಕಟ್ಟಿಕೊಳ್ಳುತ್ತಾನೆ. ನೂಲಿನ ಧೂಳು ಒಳಗೆ ಹೋಗಬಾರದೆಂದು ಡಾಕ್ಟರು ಮಗ್ಗವನ್ನೂ ಬಿಡಿಸಿದರು. ಓಣಿಯ ಆ ತುದಿಗೆ ಕೇಳುವಂತೆ ಮಾತಾಡುತ್ತಾ ಸೀರೆ ನೇಯುತ್ತಿದ್ದ ನನ್ನಪ್ಪ ಉಳವಪ್ಪ ಈಗ ನಾನು ತಂದುಕೊಟ್ಟ ಮಕ್ಕಳ ಪಾಟಿಯ ಮೇಲೆ ಬಳಪದ ಖಡುವಿನಿಂದ ಬರೆದು ತೋರಿಸುತ್ತಾನೆ. ಅವ್ವನಿಗೆ ಓದಲು ಬರುವುದಿಲ್ಲ. ಹಾಗಾಗಿ ಓದುವವಳು ನಾನು, ಅವ್ವನಿಗೆ ಹೇಳುವವಳು ನಾನು, ಉತ್ತರ ಕೊಡುವವಳೂ ನಾನು.

ಅಪ್ಪ ನಿಜವಾಗಿ ಮಾತಾಡುವುದು ಫೋನಿನಲ್ಲಿ. ಮೊದಲು ದೊಡ್ಡ ಕಂಪನಿಯೊಂದರ ಆ್ಯಪ್‌ನಲ್ಲಿ ಬರೆಯುತ್ತಿದ್ದ. ಅಲ್ಲೇ ಪರಿಚಯವಾದ ಮುಂಡರಗಿಯ ಅಯ್ಯೂಬ ಎಂಬ ಟೇಲರ್‌ಗೂ ಇದೇ ಆಪರೇಶನ್ ಆಗಿತ್ತು. ಅರಿವೆ ಹೇಗೆ ಕಟ್ಟಬೇಕೆಂದು ಅವರಿಗೆ ತೋರಿಸಲು ಅಪ್ಪ ತನ್ನ ಕುತ್ತಿಗೆಯ ಫೋಟೋ ಹಾಕಿದ. ನೋಡಬಾರದ ಚಿತ್ರ ಎಂದು ಕಂಪನಿ ಅವನ ಖಾತೆಯನ್ನೇ ಮುಚ್ಚಿತು. ತಕರಾರು ಹೇಳೋಣವೆಂದರೆ ಆ ಕಡೆ ಮನುಷ್ಯರೇ ಇರಲಿಲ್ಲ. ಆಮೇಲೆ ನಮ್ಮ ಓಣಿಯ ಕಂಪ್ಯೂಟರ್ ರಿಪೇರಿಯ ಶಫೀಕ ಇನ್ನೊಂದು ಜಾಲಕ್ಕೆ ಸೇರಿಸಿದ. ಅಲ್ಲಿ ಯಾರೋ ಒಬ್ಬ ಪುಣ್ಯಾತ್ಮ ತನ್ನ ಸರ್ವರ್‌ನಲ್ಲಿ ಕನ್ನಡದವರಿಗೆಲ್ಲ ಜಾಗ ಕೊಟ್ಟಿದ್ದ.

ಇವತ್ತು ಬೆಳಿಗ್ಗೆ ಡಬ್ಬಿ ಕಟ್ಟಿಕೊಳ್ಳುತ್ತಿದ್ದಾಗ ಅಪ್ಪ ಫೋನು ಮುಂದೆ ಹಿಡಿದ. ಆ ಪುಣ್ಯಾತ್ಮನಿಗೂ ಸಾಕಾಗಿದೆಯಂತೆ. ತಿಂಗಳ ಕೊನೆಗೆ ಸರ್ವರ್ ಮುಚ್ಚುತ್ತಾನಂತೆ. ಅಪ್ಪ ಪಾಟಿ ತೆಗೆದುಕೊಂಡು "ಅಯ್ಯೂಬಗ" ಎಂದು ಬರೆದ.

"ಹೂಂ ಅಪ್ಪಾ, ಅಯ್ಯೂಬ ಕಾಕಾಗೂ ತಿಳಸೂಣಂತ, ಬಸ್ ಹೊಕ್ಕೈತಿ" ಎಂದು ಪಾಟಿ ಒರೆಸಿಟ್ಟು ಓಡಿದೆ. ಬಸ್ಸು ತಪ್ಪಲಿಲ್ಲ, ಅಷ್ಟೇ ಸಮಾಧಾನ.

ಜೂನ್ 5, ಗುರುವಾರ

ಶಫೀಕ ಸಂಜೆ ಬಂದಿದ್ದ. ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕಿ ಚುನಮರಿ ಮಾಡಿಕೊಟ್ಟಳು.

ನನಗೆ ಈ ಜಾಲದ ಕತೆ ಇಷ್ಟು ದಿನ ತಲೆಗೆ ಹೋಗಿರಲಿಲ್ಲ. ಅವನು ಬಿಡಿಸಿ ಹೇಳಿದ: "ಅಕ್ಕೋರ, ಆ ದೊಡ್ಡ ಕಂಪನಿ ಅಂದ್ರ ಒಂದು ದೊಡ್ಡ ವಾಡೇ. ಎಲ್ಲಾರೂ ಅದರಾಗ ಬಾಡಿಗಿ. ಈ ಜಾಲ ಹಂಗಲ್ರಿ. ಇದು ನಮ್ಮ ಓಣಿ ಇದ್ದಂಗ. ಸಣ್ಣ ಸಣ್ಣ ಮನಿ, ಮನಿಗೊಬ್ಬ ಯಜಮಾನ. ಯಾವ ಮನ್ಯಾಗ ಕುಂತ್ರೂ ಎದುರು ಮನಿಯವ್ರ ಜೋಡಿ ಮಾತಾಡಬಹುದು. ಈಗ ಕಾಕಾ ಇರೋ ಮನಿ ಬಾಗಲಾ ಹಾಕ್ಕೋತೈತಿ, ಅಷ್ಟ."

"ಹಂಗಾರ ಇನ್ನೊಂದು ಮನಿ ಹುಡುಕು."

"ಹುಡುಕಬಹುದ್ರಿ. ಅವರಿಗೂ ನಾಳೆ ಬ್ಯಾಸರ ಬಂದ್ರ? ಕುತ್ತಿಗಿ ಫೋಟೋ ನೋಡಿ ಅವರೂ ಹೊರಗ ಹಾಕಿದ್ರ? ಕಾಕಾಂದು ಸ್ವಂತ ಮನಿ ಮಾಡೂಣು. ನನ್ನ ಅಂಗಡ್ಯಾಗ ಒಂದು ಹಳೇ ಸಣ್ಣ ಕಂಪ್ಯೂಟರ್ ಬಿದ್ದೈತಿ. ಅದನ್ನ ಮನ್ಯಾಗ ಇಡೂದು, ಹಗಲೂ ರಾತ್ರಿ ಚಾಲೂ ಇಡೂದು. ಯಾರೂ ಎಬ್ಬಸಂಗಿಲ್ಲ."

ಅಪ್ಪ ಅಷ್ಟರಲ್ಲೇ ಪಾಟಿಯ ಮೇಲೆ "ಮಾಡು" ಎಂದು ಬರೆದಾಗಿತ್ತು. ಅದರ ಮುಂದೆ ಇನ್ನೂ ಏನೋ ಬರೆಯುವವನಿದ್ದ. ನೋಡಿಕೊಳ್ಳುವವರು ಯಾರು ಎಂಬುದೇ ಇರಬೇಕು. "ನಾ ನೋಡಕೋತೀನಿ ಬಿಡಪಾ" ಎಂದೆ. ಮೈಮೇಲೆ ಇನ್ನೊಂದು ಕೆಲಸ ಬಂತು.

ಜೂನ್ 8, ಭಾನುವಾರ

ಪೆಟ್ಟಿಗೆ ಬಂತು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಮಗ್ಗದ ಕೋಣೆಯಲ್ಲೇ ಇಡಬೇಕೆಂದು ಅಪ್ಪ ಹಟ ಹಿಡಿದ. ಅರಿವೆ ಹೊದ್ದು ನಿಂತಿರುವ ಮಗ್ಗದ ಪಕ್ಕದ ಗೂಡಿನಲ್ಲಿ ಅದು ಕೂತಿದೆ. ಅವ್ವ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಊದಿನಕಡ್ಡಿ ಬೆಳಗಿದಳು. ಹೊಗೆ ಒಳಗೆ ಹೋದರೆ ಕೆಡುತ್ತದೆ ಎಂದು ಶಫೀಕ ಹೇಳಿದ್ದಕ್ಕೆ, "ಇಷ್ಟು ಹೊಗಿಗೆ ಕೆಡೂದಾದ್ರ ಅದೇನ್ ದುಡಿಮಿ ಮಾಡೀತು?" ಎಂದಳು.

ಜಾಲದಲ್ಲಿ ಮನೆಗೊಂದು ಹೆಸರು ಬೇಕಂತೆ. ಅಪ್ಪ "ಕುಣಿಮಗ್ಗ" ಎಂದು ಬರೆದ. ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಕುಣಿ ತೋಡಿದ ಅವನ ಮಗ್ಗದ ಹೆಸರೇ ಇರಲಿ ಎಂದು. ಎಲ್ಲ ಪಾಸ್‌ವರ್ಡ್‌ಗಳನ್ನೂ ನಾನೇ ಹಾಕಿದೆ. ಅಪ್ಪನ ಖಾತೆ ನನ್ನ ಫೋನಿನಲ್ಲೂ ತೆರೆದಿದೆ. ಅವನಿಗೆ ಸುಮ್ಮನೆ ತ್ರಾಸು ಯಾಕೆ?

ಜೂನ್ 14, ಶನಿವಾರ

ಹಳೆಯ ಮನೆಯಿಂದ ಹೊಸ ಮನೆಗೆ ಅಪ್ಪನನ್ನು ಓದುವ ಜನ ಬಂದರು, ಆದರೆ ಅಪ್ಪ ಅಲ್ಲಿ ಬರೆದದ್ದೊಂದೂ ಬರಲಿಲ್ಲ. ಈ ಜಾಲದ ರೀತಿಯೇ ಹಾಗಂತೆ. ಒಂದು ನಕಲು ಇಳಿಸಿಕೊಂಡು ಇಟ್ಟುಕೊಳ್ಳಬಹುದು, ಹೊಸ ಗೋಡೆಗೆ ಅಂಟಿಸಲು ಬರುವುದಿಲ್ಲ. ಅಪ್ಪ ಮಧ್ಯಾಹ್ನ ಉಣ್ಣಲಿಲ್ಲ.

ಸಂಜೆ ಅಯ್ಯೂಬ ಕಾಕಾ ತಮ್ಮ ಖಾತೆಯಿಂದ ಬರೆದರು. ಅವರದು ಬೇರೆಯದೇ ಸರ್ವರ್, ಮುಚ್ಚುವ ಭಯವಿಲ್ಲ. "ಹೊಸ ಮನಿ ಛಲೋ ಐತಿ ಉಳವಪ್ಪ ಭಾಯಿ. ಗ್ವಾಡಿ ಖಾಲಿ ಅದಾವು. ಹೊಡಿ ಮೊಳಿ." ಅಪ್ಪ ನಕ್ಕ. ನಕ್ಕರೆ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತವೆ. ನನಗೆ ಅಳು ಬಂತು, ಒಳಗೆ ಹೋಗಿ ಹಿಟ್ಟು ನಾದಿದೆ.

ಜೂನ್ 25, ಬುಧವಾರ

ಶಾಲೆಯಲ್ಲಿದ್ದಾಗ ಸರ್ವರ್ ಸತ್ತಿತ್ತು. ಬೆಳಗಿನಿಂದ ಏನು ಒತ್ತಿದರೂ ತೆರೆಯಲಿಲ್ಲ. ಇವತ್ತು ಮಣ್ಣೆತ್ತಿನ ಅಮಾವಾಸ್ಯೆ, ಅರ್ಧ ಮಕ್ಕಳು ಮಣ್ಣು ಮೆತ್ತಿದ ಕೈಯಲ್ಲೇ ಬಂದಿದ್ದರು. ನಾನು ಪಾಠ ಬಿಟ್ಟು ಶಫೀಕನಿಗೆ ಫೋನು ಮಾಡುತ್ತಾ ನಿಂತಿದ್ದೆ. ಹೆಡ್‌ಮಾಸ್ತರರು ನೋಡಿ, ತಾವೇ ಹೋಗಿ ನನ್ನ ತರಗತಿಯಲ್ಲಿ ನಿಂತರು. ಅದು ಬೈಗುಳಕ್ಕಿಂತ ಕೆಟ್ಟದ್ದು.

ಓಡೋಡಿ ಮನೆಗೆ ಬಂದು ನೋಡಿದರೆ ಪ್ಲಗ್ ಕಿತ್ತು ಪಕ್ಕಕ್ಕಿಟ್ಟಿದೆ. ಪೆಟ್ಟಿಗೆಯ ಮೇಲೊಂದು ಹೂವು.

"ಅಮಾಸಿ ಐತಲ್ಲವಾ" ಎಂದಳು ಅವ್ವ. "ಅಮಾಸಿ ದಿನ ಮಗ್ಗ ನಡಸ್ತಾರೇನು? ನಿಮ್ಮ ಅಜ್ಜನ ಕಾಲದಿಂದ ಈ ಖೋಲ್ಯಾಗ ಅಮಾಸಿಗೆ ಯಾವ ದುಡಿಮಿನೂ ನಡದಿಲ್ಲ. ಬಂದಾಗಿಂದ ಹಗಲೂ ರಾತ್ರಿ ಗುರ್ ಅಂತೈತಿ ಪಾಪ, ಒಂದಿನ ಆರಾಮ ಇರಲಿ ಅಂತ ತಗದೆ."

"ಅವ್ವಾ, ಅದು ಮಗ್ಗ ಅಲ್ಲ! ಅದು ನಿಂತ್ರ ಅಪ್ಪನ ಬಾಯಿ ನಿಂತಂಗ!"

ಅಪ್ಪ ಪಾಟಿಯ ಮೇಲೆ ಬರೆಯತೊಡಗಿದ: "ನನಗೇನ". ಅವನಿಗೇನು ಗೊತ್ತು, ಅವನನ್ನು ಬೈದು ಏನು ಪ್ರಯೋಜನ. "ನಿನಗೇನ ಗೊತ್ತಪಾ, ನಿಂದೇನ ತಪ್ಪಿಲ್ಲ" ಎಂದು ಪಾಟಿ ಒರೆಸಿದೆ. ಪ್ಲಗ್ಗಿಗೆ ಟೇಪು ಸುತ್ತಿ, ಯಾರೂ ಮುಟ್ಟಬಾರದೆಂದು ಅವ್ವನಿಗೆ ಗದರಿದೆ.

ಫೋನಿನಲ್ಲಿ ಶಫೀಕ ಬಹಳ ನಕ್ಕ. ನನಗೆ ನಗಲು ಶಕ್ತಿ ಇರಲಿಲ್ಲ.

ಜುಲೈ 2, ಬುಧವಾರ

ಅಪ್ಪ ದಿನಾ ಬರೆಯುತ್ತಾನೆ. ಮೊನ್ನೆ ಬರೆದದ್ದು: "ಮಗ್ಗದ ಮ್ಯಾಲಿನ ಅರಿವಿ ತಗದು ಧೂಳ ಝಾಡಿಸಿದೆ. ಸೀನು ಬಂತು. ನನ್ನ ಸೀನು ಈಗ ಕುತ್ತಿಗಿಂದ ಬರತೈತಿ, ಮೂಗು ಸುಮ್ಮನ ನೋಡಕೋತ ಕುಂದರತೈತಿ." ಎಲ್ಲೆಲ್ಲಿಯ ಜನವೋ ನಕ್ಕು ಉತ್ತರ ಕೊಟ್ಟಿದ್ದಾರೆ. ನಾನು ಬಿಡುವಿನ ಅವಧಿಯಲ್ಲಿ ಅದನ್ನು ಸ್ವಲ್ಪ ತಿದ್ದಿ, ನೆಟ್ಟಗೆ ಮಾಡಿ ಹಾಕಿದೆ. ಎಲ್ಲ ಕಡೆಯ ಜನ ಓದುತ್ತಾರೆ, ಶಾಲಾ ಶಿಕ್ಷಕಿಯ ಅಪ್ಪ ಎಂದು ಗೊತ್ತಿದ್ದವರೂ ಇದ್ದಾರೆ.

ಇವತ್ತಿನದನ್ನು ಮಾತ್ರ ತೆಗೆಯಬೇಕಾಯಿತು. "ನನಗ ಮಾತು ಬರಂಗಿಲ್ಲ, ಕಿವಿ ನೆಟ್ಟಗ ಅದಾವು. ಆದ್ರೂ ನೋಡಾಕ ಬಂದವರೆಲ್ಲಾ ಕಿವುಡನ ಮುಂದ ಒದರಿದಂಗ ಒದರತಾರ. ನಮ್ಮ ತಂಗಿ ಒದರಿದ್ದಕ್ಕ ಹಂಚು ಹಾರೂದೊಂದು ಬಾಕಿ." ಸೋದರತ್ತೆಯ ಮಗಳು ಫೋನು ನೋಡುವವಳು, ನಾಳೆ ಜಗಳಕ್ಕೆ ನಾನು ಸಿಗುತ್ತೇನೆ. ಅಪ್ಪ ಕೇಳಲಿಲ್ಲ. ಗಮನಿಸಿರಲಿಕ್ಕಿಲ್ಲ.

ಇಡೀ ದಿನ ಮಕ್ಕಳ ಬರಹ ತಿದ್ದಿ, ಮನೆಗೆ ಬಂದರೆ ಅಪ್ಪನ ಬರಹ. ಕೆಂಪು ಶಾಯಿ ಕಂಡರೆ ವಾಕರಿಕೆ ಬರುತ್ತದೆ.

ಜುಲೈ 7, ಸೋಮವಾರ

ಮಳೆ ಬಂದು ಕರೆಂಟು ಹೋಗಿ ಬಂತು. ಪೆಟ್ಟಿಗೆ ತಾನೇ ಎದ್ದಿತು. ಬೇರೆ ವಿಶೇಷವಿಲ್ಲ.

ಅಪ್ಪ ಬೆಳಿಗ್ಗೆ ಪಾಟಿಯ ಮೇಲೆ "ಮುಂಡರಗಿ" ಎಂದು ಬರೆದಿದ್ದ. ಅಯ್ಯೂಬ ಕಾಕಾನ ಉತ್ತರ ಬಂತೇ ಎಂದು ಕೇಳುತ್ತಿದ್ದಾನೆ. "ಬಂದೈತಿ ಬಂದೈತಿ, ಫೋನಿನ್ಯಾಗ ನೋಡು" ಎಂದು ಪಾಟಿ ಒರೆಸಿದೆ.

ಜುಲೈ 11, ಶುಕ್ರವಾರ

ಅಪ್ಪ ಇವತ್ತು ಹಾಕಿದ್ದು ಇದು:

"ಪಾಟಿ ಮ್ಯಾಲೆ ಅರ್ಧ ಬರದಿರತೀನಿ. ಉಳದರ್ಧ ಮಗಳು ತಾನ ಅಂದುಕೊಂಡು, ತಾನ ಉತ್ತರಾ ಕೊಟ್ಟು, ಒರಸಿಬಿಡತಾಳ. ನನ್ನ ದನಿ ಹೋದದ್ದು ಹುಬ್ಬಳ್ಯಾಗ. ಮಾತು ಹೋಗಿದ್ದು ಮನ್ಯಾಗ."

ಊಟದ ಅವಧಿಯಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. ಮೊದಲು ಏನೂ ಅನ್ನಿಸಲಿಲ್ಲ, ಆಮೇಲೆ ಮೈಯೆಲ್ಲ ಉರಿಯಿತು. ಈ ಪೆಟ್ಟಿಗೆ ಯಾರಿಗೋಸ್ಕರ? ಈ ಓಡಾಟ ಯಾರಿಗೋಸ್ಕರ? ಖಡು ತರುವವಳು ಯಾರು, ಅರಿವೆ ಕುದಿಸಿ ಒಗೆಯುವವಳು ಯಾರು? ಬಸ್ಸು ಏಳೂವರೆಗೆ ಹೊರಡುತ್ತದೆ. ಒಂದೊಂದು ಅಕ್ಷರವನ್ನೂ ಮಗ್ಗಕ್ಕೆ ಎಳೆ ಏರಿಸಿದ ಹಾಗೆ ಬರೆದರೆ ಎಷ್ಟು ಹೊತ್ತು ನಿಲ್ಲಲಿ ನಾನು?

ಹೆಡ್‌ಮಾಸ್ತರರೂ ಅಪ್ಪನನ್ನು ಓದುತ್ತಾರೆ. ಮನೆಯ ಮಾತು ಬೀದಿಗೆ ಬರಬಾರದು. ಅಳಿಸಿಹಾಕಿದೆ.

ಜುಲೈ 13, ಭಾನುವಾರ

ಅಳಿಸಿದ್ದು ನಮ್ಮ ಪೋಸ್ಟು ಮಾತ್ರ. ಅಷ್ಟರಲ್ಲೇ ಅಯ್ಯೂಬ ಕಾಕಾ ಅದಕ್ಕೆ ಉತ್ತರ ಬರೆದಿದ್ದರು, ಅದು ಅವರ ಮನೆಯ ಮಾತು, ಅದನ್ನು ಮುಟ್ಟಲು ನನಗೆ ಬರುವುದಿಲ್ಲ. "ನಮ್ಮ ಮನ್ಯಾಗೂ ಮೊದಲ ಹಂಗ ಇತ್ತು ಭಾಯಿ. ನೀ ಪೂರ್ತಿ ಬರಿ. ನಾ ಕಾಯತೀನಿ." ಕೇಳಿದ ಮಾತು ಇಲ್ಲದೆ ಉತ್ತರವೊಂದೇ ನಿಂತಿದೆ. ಅಪ್ಪ ಇವತ್ತು ಅದನ್ನು ನೋಡಿದ. ಕೆಳಗೆ ಮೇಲೆ ಸರಿಸಿ ಸರಿಸಿ ತನ್ನ ಮಾತು ಹುಡುಕಿದ. ಆಮೇಲೆ ನನ್ನ ಕಡೆ ನೋಡಿದ.

ಪಾಟಿ ತೆಗೆದುಕೊಂಡು "ಇದು ಯಾರ" ಎಂದು ಬರೆದ.

"ಯಾರ ತಗದ್ರು ಅಂತ ಕೇಳತಿಯೇನು? ನಾನ ತಗದೆ. ಊರ ಮುಂದ ನನ್ನ ಮರ್ಯಾದಿ ಕಳದ್ರ ಸುಮ್ಮಕಿರಲಿ?"

ಅಪ್ಪನ ಖಡು ಹಾಗೇ ನಿಂತಿತು. ಪಾಟಿಯನ್ನು ಮೆಲ್ಲಗೆ ಕೆಳಗಿಟ್ಟು ಮಗ್ಗದ ಕೋಣೆಗೆ ಹೋದ. ನಾನು ಸುತ್ತಿದ ಟೇಪನ್ನು ಉಗುರಿನಿಂದ ಬಿಚ್ಚಿ ಪ್ಲಗ್ ಎಳೆದ.

"ಇವತ್ತು ಅಮಾಸಿ ಅಲ್ಲಲ್ಲರೀ" ಎಂದಳು ಅವ್ವ. ಅಪ್ಪ ಕೇಳಿಸಲಿಲ್ಲವೆಂಬಂತೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ.

ಪಾಟಿ ಇನ್ನೂ ಅಲ್ಲೇ ಇತ್ತು. "ಇದು ಯಾರ" ಎಂಬುದರ ಮುಂದೆ ಅರ್ಧ ಅಕ್ಷರವಿದೆ. ನೋಡಿದರೆ "ಮ" ಇರಬೇಕು. ಇದು ಯಾರ ಮನಿ.

ಒರೆಸಲಿಲ್ಲ. ಆಯಾಸವಾಗಿತ್ತು.

ಜುಲೈ 15, ಮಂಗಳವಾರ

ಪೆಟ್ಟಿಗೆ ಬಂದ್. ಅಪ್ಪ ಬರೆಯುತ್ತಿಲ್ಲ, ಫೋನಿನಲ್ಲೂ ಇಲ್ಲ, ಪಾಟಿಯಲ್ಲೂ ಇಲ್ಲ. ಹಸಿವಾದರೆ ತಾಟು ಮುಂದಿಡುತ್ತಾನೆ.

ಮನೆ ಇಷ್ಟು ನಿಶ್ಶಬ್ದವಿರಬಹುದೆಂದು ಗೊತ್ತಿರಲಿಲ್ಲ.

ಜುಲೈ 16, ಬುಧವಾರ

ಬಸ್ಸಿಳಿದು ನೇರ ಶಫೀಕನ ಅಂಗಡಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನದು ಸರಿ ಎಂದಾನೇನೋ ಎಂಬ ಆಸೆಯಿಂದಲೇ ಹೇಳಿದೆ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ಮನಿ ಕಾಕಾಂದು, ಕೀಲಿ ನಿಮ್ಮ ಸೆರಗಿನ್ಯಾಗ. ಹಂಗಾರ ಅವರು ಇಲ್ಲೂ ಬಾಡಿಗಿದಾರರ ಆದ್ರಲ್ರೀ. ಆ ಕಂಪನಿಯವ್ರರ ಎಲ್ಲೋ ದೂರ ಇದ್ರು."

"ನನಗ ಬುದ್ಧಿ ಹೇಳಬ್ಯಾಡ. ನಿನ್ನ ಮನ್ಯಾಗ ಇಂಥಾ ಅಪ್ಪ ಇದ್ದಿದ್ರ ಗೊತ್ತಾಗತಿತ್ತು."

"ಖರೆ ಐತ್ರಿ" ಎಂದ. ಅವನ ಅಪ್ಪ ತೀರಿಕೊಂಡು ಎಷ್ಟು ವರ್ಷವಾಯಿತೆಂದು ಆಗ ನೆನಪಾಯಿತು. ಪಾಸ್‌ವರ್ಡ್ ಬದಲಿಸುವುದು ಹೇಗೆಂದು ಅಪ್ಪನಿಗೆ ತೋರಿಸಿಕೊಡಲು ಹೇಳಿ ಬಂದೆ. ಜಗಳ ಮುಗಿದರೆ ಸಾಕು.

ಜುಲೈ 17, ಗುರುವಾರ

ಶಫೀಕ ಬಂದು ಪೆಟ್ಟಿಗೆ ಚಾಲೂ ಮಾಡಿ, ಅಪ್ಪನ ಪಕ್ಕ ಕೂತು ಎಲ್ಲ ತೋರಿಸಿದ. ಅಪ್ಪ ನನಗೆ ಆ ಕಡೆ ತಿರುಗು ಎಂದು ಕೈಸನ್ನೆ ಮಾಡಿದ. ಗೋಡೆ ನೋಡುತ್ತಾ ನಿಂತೆ. ಅವನ ಬೆರಳು ಒಂದೊಂದೇ ಒತ್ತುವ ಸದ್ದು ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಫೋನು ಹೇಳಿತು: ನೀವು ಹೊರಬಂದಿದ್ದೀರಿ.

ಬೇಜಾರಾಯಿತು. ಸುಳ್ಳು ಯಾಕೆ, ಬಹಳ ಬೇಜಾರಾಯಿತು. ಒಳಗೆ ನಡೆಯುತ್ತಿರುವುದನ್ನು ಹೊಸ್ತಿಲಿನ ಆಚೆ ನಿಂತು ಕೇಳಿಸಿಕೊಳ್ಳುವ ಹಾಗಿದೆ. ನಾನೂ ಒಂದು ಖಾತೆ ತೆರೆಯೋಣವೆಂದು ಕುಣಿಮಗ್ಗದ ಬಾಗಿಲಿಗೆ ಹೋದೆ. "ಯಾಕೆ ಸೇರಬೇಕೆಂದಿದ್ದೀರಿ?" ಎಂದು ಕೇಳಿತು. ಯಜಮಾನ ಓದಿ ಒಪ್ಪಿದರೆ ಮಾತ್ರ ಒಳಗೆ ಬಿಡುತ್ತದಂತೆ. ಆ ಪ್ರಶ್ನೆ ಹಾಕಿದ್ದು ಜೂನ್‌ನಲ್ಲಿ ನಾನೇ. ಏನು ಬರೆಯಲಿ? ಮಗಳು ಅಂತಲೇ? ಬಹಳ ಹೊತ್ತು ನೋಡಿ, "ಅಪ್ಪ ಬರೆದದ್ದನ್ನು ಓದಲು" ಎಂದು ಬರೆದು ಕಳಿಸಿದೆ.

ಇನ್ನೂ ಒಪ್ಪಿಲ್ಲ.

ಜುಲೈ 20, ಭಾನುವಾರ

ಒಪ್ಪಿಗೆ ಬಂದಿಲ್ಲ. ಖಾತೆ ಇಲ್ಲದೆ ಹೊರಗಿನಿಂದ ಯಾರಾದರೂ ಓದುವ ಹಾಗೆ ನಾನೂ ಓದಿದೆ. ಅಳಿಸಿದ್ದನ್ನು ಅಪ್ಪ ಮತ್ತೆ ಬರೆಯುತ್ತಾನೆಂದು ಮೂರು ದಿನ ಹೆದರಿಕೊಂಡಿದ್ದೆ. ಬರೆದಿಲ್ಲ. ಸೀನಿನ ಮಾತನ್ನು ಮಾತ್ರ ಮತ್ತೆ ಹಾಕಿದ್ದಾನೆ, ನಾನು ತಿದ್ದುವ ಮೊದಲು ಹೇಗಿತ್ತೋ ಹಾಗೆ. ಅದೇ ಛಲೋ ಇದೆ.

ಇವತ್ತು ರಜೆ, ಬಸ್ಸಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಎಷ್ಟೋ ದಿನದ ಮೇಲೆ ಪಾಟಿ ಹಿಡಿದು ಎದುರಿಗೆ ಬಂದ. "ಮುಂಡರಗಿ" ಎಂದು ಬರೆದ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸುಮ್ಮನೆ ಕೂರುವುದು ಎಷ್ಟು ಕಷ್ಟ! ಕೈ ತಾನೇ ಒರೆಸುವ ಅರಿವೆಯ ಕಡೆ ಹೋಗುತ್ತಿತ್ತು, ಕೈಯನ್ನೇ ತೊಡೆಯ ಕೆಳಗೆ ಇಟ್ಟುಕೊಂಡೆ. ಅವ್ವ "ಏನಂತ, ಏನಂತ?" ಎಂದು ಕೇಳಿದರೆ "ಇನ್ನೂ ಮುಗದಿಲ್ಲ" ಎಂದೆ. ಅಪ್ಪ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಬರೆದ. ಪಾಟಿ ತುಂಬಿತು.

"ಮುಂಡರಗಿಗೆ ಹೋಗಬೇಕು. ಅಯ್ಯೂಬನ್ನ ಒಮ್ಮೆನೂ ನೋಡಿಲ್ಲ. ಬರದು ಬರದು ಕೈ ಸೋತೈತಿ. ಇಬ್ರೂ ಎದುರಾಬದರ ಸುಮ್ಮನ ಕುಂದರಬೇಕು."

ಇಷ್ಟು ದಿನ ಅವನು ಹೇಳಬೇಕೆಂದಿದ್ದು ಇದೇ ಇರಬೇಕು. ನಾನು ಅದೇ ಊರಿನ ಹೆಸರನ್ನು ಎಷ್ಟು ಸಲ ಒರೆಸಿದೆನೋ.

"ಯಾವತ್ತು ಹೋಗೂಣಪಾ?"

"ಅಮಾಸಿಗೆ" ಎಂದು ಬರೆದ.

"ಅಮಾಸಿ ದಿನ ಊರಿಗೆ ಹೊಂಡತಾರೇನು?" ಎಂದು ಅವ್ವ ಹಿಟ್ಟಿನ ಕೈ ಎತ್ತಿದಳು. ಅಪ್ಪ ಬರೆದದ್ದನ್ನು ಕೊನೆಯ ತನಕ ನೋಡಿ, ಹಾಗೇ ಅವ್ವನಿಗೆ ಓದಿ ಹೇಳಿದೆ: "ನೇಕಾರ ಬ್ಯಾರೆ ಯಾವತ್ತು ಹೋಗಬೇಕು? ಮಗ್ಗ ನಿಲ್ಲೂದ ಅವತ್ತು."

ಜುಲೈ 24, ಗುರುವಾರ, ನಾಗರ ಅಮಾವಾಸ್ಯೆ

ರಜೆ ಹಾಕಿದೆ. ಹೆಡ್‌ಮಾಸ್ತರರಿಗೆ ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಿನ್ನೆಯೇ ಅಪ್ಪ ಜಾಲದಲ್ಲಿ ಹಾಕಿದ್ದ: "ನಾಳೆ ಅಮಾಸಿ. ಕುಣಿಮಗ್ಗ ಬಂದ್. ನಾಡದ ಬರ್ರಿ." ಬೆಳಿಗ್ಗೆ ತಾನೇ ಪ್ಲಗ್ ತೆಗೆದ. ಅವ್ವ ಮಗ್ಗಕ್ಕೂ ಪೆಟ್ಟಿಗೆಗೂ ಹೂವು ಏರಿಸಿ ಮನೆಯಲ್ಲೇ ಉಳಿದಳು. ನನ್ನ ಮನಸ್ಸಿಗೂ ಯಾಕೋ ಹಗುರವೆನಿಸಿತು. ಇವತ್ತು ಅದು ಸತ್ತಿದೆಯೋ ಬದುಕಿದೆಯೋ ಎಂದು ಯಾರೂ ನೋಡಬೇಕಾಗಿಲ್ಲ.

ಅಯ್ಯೂಬ ಕಾಕಾನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಗುಲಾಬಬಿ ಬಾಗಿಲಲ್ಲೇ ಇದ್ದರು. "ಬರ್ರಿ ಅಣ್ಣಾರ, ಬರ್ರಿ. ಬೆಳಿಗ್ಗಿಂದ ನಾಕ್ ಸಲ ಬಾಗಲಾ ನೋಡ್ಯಾರ. ಒಳಗ ಕುಂಡ್ರಿ." ಅಯ್ಯೂಬ ಕಾಕಾ ಅಪ್ಪನಿಗಿಂತ ಚಿಕ್ಕವರು, ತೆಳ್ಳಗಿದ್ದಾರೆ. ಅವರ ಕುತ್ತಿಗೆಗೂ ಬಿಳಿ ಅರಿವೆ. ಟೇಲರ್ ನೋಡಿ, ಅಂಚಿಗೆ ನೀಲಿ ದಾರದ ಹೊಲಿಗೆ ಹಾಕಿಕೊಂಡಿದ್ದಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಬ್ಬರ ಅರಿವೆಯನ್ನೊಬ್ಬರು ಮುಟ್ಟಿ ನೋಡಿದರು. ಆಮೇಲೆ ಕೂತರು.

ಅಷ್ಟೇ. ಪಾಟಿ ಚೀಲದಿಂದ ಹೊರಗೇ ಬರಲಿಲ್ಲ. ಗುಲಾಬಬಿ ಚಹಾ ತಂದಿಟ್ಟು ನನ್ನ ಪಕ್ಕ ಕೂತರು. ನಾನು ಏನಾದರೂ ಮಾತಾಡಬೇಕೆಂದು ಬಾಯಿ ತೆರೆದೆ. ಅವರು ನನ್ನ ಕೈಮೇಲೆ ಕೈಯಿಟ್ಟರು. "ಇರಲಿ ಬಿಡ್ರೆವಾ. ನಂಗೂ ಮೊದಲ ತಡಕೊಳ್ಳಾಕ ಆಗತಿದ್ದಿಲ್ಲ." ಮಧ್ಯಾಹ್ನದವರೆಗೆ ನಾಲ್ವರೂ ಹಾಗೇ ಕೂತಿದ್ದೆವು. ಅಪ್ಪನ ಭುಜ ಒಮ್ಮೆ ಕುಣಿದವು, ಅಯ್ಯೂಬ ಕಾಕಾನವೂ ಕುಣಿದವು. ಯಾಕೆ ನಕ್ಕರೋ ಅವರಿಗೇ ಗೊತ್ತು.

ಈಗ ಬಸ್ಸಿನಲ್ಲಿದ್ದೇವೆ. ಡಂಬಳ ದಾಟಿತು. ರಸ್ತೆ ಕುಲುಕಿ ಅಕ್ಷರ ವಾರೆಯಾಗುತ್ತಿವೆ. ನಾನು ಇದನ್ನು ಬರೆಯುತ್ತಿರುವುದನ್ನು ಅಪ್ಪ ಬಹಳ ಹೊತ್ತಿನಿಂದ ನೋಡುತ್ತಿದ್ದ. ಈಗ ಚೀಲದಿಂದ ಪಾಟಿ ತೆಗೆದ. "ನಿಂದು" ಎಂದು ಬರೆದ.

ಟಿಕೆಟ್ಟಿನ ಮಾತೆಂದುಕೊಂಡೆ. ನಂದು ಹೆಣ್ಮಕ್ಕಳ ಫ್ರೀ ಟಿಕೆಟ್, ನಿಂದು ತಗಸೀನಿ ಎನ್ನಬೇಕೆಂದಿದ್ದೆ. ಅನ್ನಲಿಲ್ಲ.

ಬಸ್ಸು ತಗ್ಗಿಗೆ ಇಳಿದು ಖಡು ಮುರಿಯಿತು. ಅಪ್ಪ ಬಗ್ಗಿ ಚೂರು ಆರಿಸಿಕೊಂಡು ಮತ್ತೆ ಬರೆಯುತ್ತಿದ್ದಾನೆ. ಕಾಯುತ್ತಿದ್ದೇನೆ. ಮುಗಿಯಿತು. ಪಾಟಿಯನ್ನು ನನ್ನ ತೊಡೆಯ ಮೇಲಿಟ್ಟ.

"ನಿಂದು ಏನೈತಿ ಹೇಳವಾ. ದಿನಾ ಅದರಾಗ ಬರಕೋತ ಕುಂದರತಿ. ನಾ ಎಲ್ಲೂ ಹೋಗಂಗಿಲ್ಲ, ಮುಗಿಯೂ ತನಕಾ ಕೇಳತೀನಿ."

ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಗದಗು ಇನ್ನೂ ದೂರವಿದೆ. ಅಪ್ಪ ಖಡುವನ್ನು ಜೇಬಿಗಿಟ್ಟು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕಾಯುತ್ತಿದ್ದಾನೆ.

ಬರೆಯುವುದನ್ನು ನಿಲ್ಲಿಸುತ್ತೇನೆ.